ಬೆವರುವ ಮಾಡು

ಪಕ್ಕದ ಮನೆಯ ಅಜ್ಜ ಬೆಳ್ಳಂಬೆಳಿಗ್ಗೆ ಬಂದು ಬಾಗಿಲು ತಟ್ಟಿದರು. ನಮ್ಮ ಮಹಡಿಯ ಕಿಟಕಿಯಿಂದ ಅವರ ಅಂಗಳವನ್ನು ಒಮ್ಮೆ ನೋಡಬೇಕಿತ್ತಂತೆ. ಮಿಶಿಗನ್ ರಾಜ್ಯದ ನವೆಂಬರ್ ಅದು. ಬಿಸಿಲು ಇನ್ನೂ ಮರಗಳಿಂದ ಕೆಳಗೆ ಇಳಿದಿರಲಿಲ್ಲ. ಅಂಗಳದಲ್ಲಿ ಅವರು ಆಗಷ್ಟೇ ಕೊಂಡು ತಂದಿದ್ದ 1960ರ ದಶಕದ ಅಲ್ಯೂಮಿನಿಯಂ ಟ್ರೇಲರ್ ನಿಂತಿತ್ತು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಅಡುಗೆಗೆ, ಮಲಗಲಿಕ್ಕೆ, ಸ್ನಾನಕ್ಕೆ ಎಲ್ಲಕ್ಕೂ ಜಾಗವಿರುವ 22 ಅಡಿಯ ಗಾಡಿಮನೆ. ಇಲ್ಲಿಯವರು ಇಂಥವನ್ನೆಲ್ಲ ಒಟ್ಟಾಗಿ ಆರ್‌ವಿ ಎನ್ನುತ್ತಾರೆ. ಹಿಂದಿನ ರಾತ್ರಿ ಅಜ್ಜನ ಇಬ್ಬರು ಮೊಮ್ಮಕ್ಕಳು ಹಟ ಮಾಡಿ, ವಿದ್ಯುತ್ ಹೀಟರ್ ಹಾಕಿಸಿಕೊಂಡು ಅದರಲ್ಲೇ ಮಲಗಿದ್ದರು. ಈಗ ಮಾಡಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಸುಣ್ಣ ಬಳಿದಂತೆ ಕಾಣುತ್ತಿತ್ತು. ಆ ಬಿಳುಪಿನ ನಡುವೆ ಸುಮಾರು ಎರಡಡಿಗೊಂದರಂತೆ ಅಡ್ಡ ಪಟ್ಟೆಗಳು ಕರಗಿ, ಬರಿಯ ತಗಡು ಎದ್ದು ತೋರುತ್ತಿತ್ತು. ಬೇಸಿಗೆಯಲ್ಲಿ ಸೊರಗಿದ ದನದ ಪಕ್ಕೆಲುಬು ಎಣಿಸಬಹುದಲ್ಲ, ಹಾಗೆ.

"ನೋಡು, ಒಳಗಿನ ಎಲುಬೆಲ್ಲ ಹೊರಗೆ ಬಂದಿದೆ," ಎಂದರು ಅಜ್ಜ. "ಇನ್ನು ಇದನ್ನು ಪೂರ್ತಿ ಬಿಚ್ಚದೆ ಗತಿಯಿಲ್ಲ."

ನಮ್ಮ ಮಕ್ಕಳು ಅವರನ್ನು ಅಜ್ಜ ಎಂದು ಕರೆಯುವುದರಿಂದ ನನಗೂ ಅದೇ ರೂಢಿ. ಕಾರು ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡಿಯೇ ತಲೆ ನರೆತವರು. ಅಂದಿನಿಂದ ಒಂದೂವರೆ ವರ್ಷ, ಶನಿವಾರ ಭಾನುವಾರ ಬಂತೆಂದರೆ ನಾನು ಅವರ ಕೈಯಾಳು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ. ಮಾಡು ಸೋರುವುದೆಂದರೆ ಏನು, ಸೋರುವ ಜಾಗ ಹುಡುಕುವುದೆಂದರೆ ಏನು ಎಂಬುದು ಆ ಸೀಮೆಯ ಪ್ರತಿ ಮನೆಗೂ ಗೊತ್ತು. ಆದರೆ ಮಾಡಿಗೆ ಮೇಲಿನಿಂದ ಬೀಳುವ ನೀರು ಒಂದಾದರೆ ಕೆಳಗಿನಿಂದ ಏರುವ ನೀರು ಇನ್ನೊಂದು ಇದೆ. ಈ ಎರಡನೆಯದರ ದಾರಿಯನ್ನು ಹಿಡಿದು ಹೋಗಿ ಗಾಡಿಯನ್ನು ಮತ್ತೆ ಕಟ್ಟುವುದು ಎಂಥ ನಾಜೂಕಿನ ಕಸುಬು ಎನ್ನುವುದನ್ನು ನಾನು ಕಂಡದ್ದು ಅವರ ಅಂಗಳದಲ್ಲಿ.

ಈ ಜಾತಿಯ ಗಾಡಿ ಹುಟ್ಟಿದ ಬಗೆ ತಿಳಿದರೆ ಅದರ ಕಾಯಿಲೆಯೂ ಅರ್ಥವಾಗುತ್ತದೆ. ಅಮೆರಿಕದ ಅಲ್ಯೂಮಿನಿಯಂ ಟ್ರೇಲರ್ ವಿಮಾನದ ವಂಶದ್ದು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನದ ನಿರ್ಮಾಣದ ಉಸ್ತುವಾರಿ ನೋಡಿಕೊಂಡವರು ಹಾಲಿ ಬೌಲಸ್. ಅವರೇ 1934ರಲ್ಲಿ ತಗಡಿಗೆ ತಗಡು ರಿವೆಟ್ ಹೊಡೆದು 'ರೋಡ್ ಚೀಫ್' ಎಂಬ ಟ್ರೇಲರ್ ಕಟ್ಟಿದರು. ಎರಡು ವರ್ಷದ ನಂತರ ವಾಲಿ ಬಯಮ್ ಅವರ ಏರ್‌ಸ್ಟ್ರೀಮ್ ಕಂಪನಿ 'ಕ್ಲಿಪ್ಪರ್' ಎಂಬ ಗಾಡಿ ತಂದು ಅದೇ ದಾರಿಯನ್ನು ಹೆದ್ದಾರಿ ಮಾಡಿತು. 1959ರಲ್ಲಿ ಬಯಮ್ ಇಂಥ ಗಾಡಿಗಳ ಸಾಲನ್ನೇ ಕಟ್ಟಿಕೊಂಡು ಕೇಪ್‌ಟೌನಿನಿಂದ ಕೈರೋಗೆ ಹೊರಟರು. ರಸ್ತೆಯೇ ಇಲ್ಲದ ಕಡೆ ಎಳೆದರೂ ತಾಳುವ ಗಟ್ಟಿತನ ಅದಕ್ಕೆ ಬಂದದ್ದು ವಿಮಾನದ ಕಟ್ಟಡದಿಂದ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಕಮಾನಿನ ಹಾಗೆ ಬಾಗಿಸಿದ ಅಲ್ಯೂಮಿನಿಯಂ ಪಕ್ಕೆಗಳು. ಹೊರತಗಡಿನ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಎರಡು ತಗಡುಗಳ ನಡುವಿನ ಒಂದೂವರೆ ಅಂಗುಲದ ಸಂದಿಗೆ ಹಳದಿ ಫೈಬರ್‌ಗ್ಲಾಸ್ ಉಣ್ಣೆ ತುಂಬಿರುತ್ತಾರೆ.

ಮನುಷ್ಯರು ಒಳಗೆ ಮಲಗಿದಾಗ ಇದೇ ಕಟ್ಟಡ ತೊಂದರೆ ಕೊಡುತ್ತದೆ. ಅಲ್ಯೂಮಿನಿಯಂ ಶಾಖವನ್ನು ಮರಕ್ಕಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ಸಾಗಿಸುತ್ತದೆ. ಉಣ್ಣೆ ಇರುವ ಕಡೆ ಶಾಖ ತಡೆದು ನಿಂತರೂ ಪಕ್ಕೆ ಇರುವ ಕಡೆ ಒಳಗಿನ ಬಿಸಿ ನೇರವಾಗಿ ಹೊರತಗಡಿಗೆ ಓಡಿಹೋಗುತ್ತದೆ. ಅಂದು ಮಾಡಿನ ಮೇಲೆ ಪಟ್ಟೆ ಕರಗಿದ್ದು ಅದಕ್ಕೇ. ಹೊರಗೆ ಬೆಚ್ಚಗಿರುವ ಆ ಗೆರೆಗಳೇ ಒಳಗಡೆ ತಣ್ಣಗಿರುವ ಗೆರೆಗಳು. ಫ್ರಿಜ್ಜಿನಿಂದ ತೆಗೆದ ನೀರನ್ನು ಸ್ಟೀಲ್ ಲೋಟಕ್ಕೆ ಹಾಕಿದರೆ ಹೊರಮೈ ಬೆವರುವ ಹಾಗೆ, ಗಾಡಿಯೂ ಒಳಗಿನಿಂದ ಬೆವರುತ್ತದೆ.

ಅಜ್ಜ ಒಂದು ಪ್ಲೈವುಡ್ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಬರೆದು ತೋರಿಸಿದ್ದು ಇನ್ನೂ ಅವರ ಗ್ಯಾರೇಜಿನ ಗೋಡೆಯ ಮೇಲಿದೆ. 20 ಡಿಗ್ರಿ ಸೆಲ್ಸಿಯಸ್ಸಿನ ಗಾಳಿ ಒಂದು ಘನಮೀಟರಿಗೆ ಹೆಚ್ಚೆಂದರೆ 17 ಗ್ರಾಂ ಚಿಲ್ಲರೆ ನೀರಾವಿ ಹಿಡಿಯುತ್ತದೆ. ಸೊನ್ನೆ ಡಿಗ್ರಿಯ ಗಾಳಿ ಹಿಡಿಯುವುದು ಐದು ಗ್ರಾಮಿಗಿಂತ ಕಡಿಮೆ. ಅವರ ಗಾಡಿಯೊಳಗೆ ಇರುವುದು ಸುಮಾರು 23 ಘನಮೀಟರ್ ಗಾಳಿ. ತೇವಾಂಶ ಹಿತವಾಗಿ ಶೇಕಡಾ 50 ಇದೆ ಎಂದುಕೊಂಡರೆ, ಆ ಗಾಳಿಯಲ್ಲಿರುವ ನೀರೆಲ್ಲ ಸೇರಿ 200 ಗ್ರಾಂ, ಒಂದು ಲೋಟ. ದೊಡ್ಡವರಿಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದ, ಮೈಯಿಂದ ಅರ್ಧ ಲೀಟರಿಗಿಂತ ಹೆಚ್ಚು ನೀರು ಬಿಡುತ್ತಾರೆ. ಗಾಳಿಯಲ್ಲಿ ಮೊದಲೇ ಇದ್ದ ನೀರಿನ ಎರಡು ಪಾಲಿಗೂ ಮೀರಿದ ನೀರು ಅದು. ಶೇಕಡಾ 50 ತೇವದ 20 ಡಿಗ್ರಿ ಗಾಳಿಗೆ ಒಂಬತ್ತು ಡಿಗ್ರಿಯ ಹತ್ತಿರದ ತಣ್ಣನೆ ಮೈ ಸಿಕ್ಕರೆ ಸಾಕು, ಅಲ್ಲಿ ಹನಿಗಟ್ಟಲು ಶುರು. ಇದರ ಮೇಲೆ ಅಡುಗೆ ಒಲೆ. ಒಂದು ಕಿಲೋ ಪ್ರೊಪೇನ್ ಅನಿಲ ಉರಿದರೆ ಹುಟ್ಟುವ ನೀರು ಒಂದು ಕಿಲೋ ಆರುನೂರು ಗ್ರಾಂ! ಬೆಂಕಿಯಿಂದ ನೀರು ಹುಟ್ಟುತ್ತದೆ ಎಂಬುದನ್ನು ರಸಾಯನ ಪಾಠದಲ್ಲಿ ಓದಿ ಅಂಕ ತೆಗೆದುಕೊಂಡವರೂ ಅದನ್ನು ಒಲೆಯ ಮುಂದೆ ನಿಂತಾಗ ನೆನೆಯುವುದಿಲ್ಲ. ಅನಿಲದಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆವಿಯಾಗಿ ಏರುತ್ತದೆ. ಅನ್ನದ ಪಾತ್ರೆಯ ಹಬೆ ಬೇರೆ, ಉರಿಯ ಹಬೆ ಬೇರೆ. ಎರಡೂ ಹೋಗಿ ಸೇರುವುದು ಮಾಡಿನ ಕೆಳಗೇ.

ಬಿಚ್ಚುವ ಕೆಲಸ ಡಿಸೆಂಬರಿನಲ್ಲಿ ಶುರುವಾಯಿತು. ಒಳತಗಡಿನ ರಿವೆಟ್ಟುಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ತಲೆ ಹಾರಿಸಬೇಕು. ಮೊದಲ ಹಾಳೆ ಕೆಳಗಿಳಿದಾಗ ಅಜ್ಜ ಕೆಲಸ ನಿಲ್ಲಿಸಿ, ದೀಪ ಹಿಡಿದು ಉಣ್ಣೆಯನ್ನು ಬಹಳ ಹೊತ್ತು ನೋಡಿದರು. ಹಳದಿ ಉಣ್ಣೆಯ ಮೇಲೆ ಅಲ್ಲಲ್ಲಿ ಕಾಡಿಗೆ ತೀಡಿದಂತೆ ಕಪ್ಪು ಗೆರೆಗಳಿದ್ದವು. ನಾನು ಬೂಷ್ಟು ಎಂದುಕೊಂಡೆ. ಅದು ಧೂಳು. ತಗಡು ಸೇರುವ ಜಾಗದಲ್ಲಿ, ದೀಪ ಕೂರಿಸಿದ ರಂಧ್ರದ ಸುತ್ತ, ವಯರು ಹೊರಬರುವಲ್ಲಿ, ಒಳಗಿನ ಗಾಳಿ ಐವತ್ತು ವರ್ಷ ಗೋಡೆಯೊಳಕ್ಕೆ ನುಸುಳಿದೆ. ಉಣ್ಣೆ ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತದೆ. ಟೀ ಸೋಸಿದ ಬಟ್ಟೆಯಲ್ಲಿ ಚರಟ ಉಳಿಯುವ ಹಾಗೆ ಧೂಳು ಅಲ್ಲೇ ಉಳಿದಿದೆ. ಧೂಳನ್ನು ಬಿಟ್ಟು ಮುಂದೆ ಹೋದ ಆವಿ ಹೊರತಗಡಿನ ತಣ್ಣನೆ ಮೈಗೆ ತಾಕಿ ನೀರಾಗಿದೆ. ಆ ಕಪ್ಪು ಗೆರೆಗಳೇ ಅಜ್ಜನಿಗೆ ನಕ್ಷೆಯಾದವು. ಪ್ರತಿಯೊಂದನ್ನೂ ಅಳೆದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಉಣ್ಣೆ ಕಿತ್ತದ್ದು. ಅವಸರದವರು ಇದನ್ನೆಲ್ಲ ಚೀಲಕ್ಕೆ ತುಂಬಿ ಎಸೆದು, ಗಾಡಿ ಐವತ್ತು ವರ್ಷ ಬರೆದಿಟ್ಟ ದಾಖಲೆಯನ್ನೇ ಕಳೆದುಕೊಳ್ಳುತ್ತಾರೆ.

ತಗಡಿನ ಒಳಮೈಯಲ್ಲಿ ನೀರು ಇಳಿದ ಕಲೆಗಳು ಮಾಡಿನ ನಡುವಿನಿಂದ ಎರಡೂ ಪಕ್ಕಕ್ಕೆ ಬಾಗಿ, ಗೋಡೆ ಹಿಡಿದು, ನೆಲದವರೆಗೆ ಹೋಗಿದ್ದವು. ಅಲ್ಲಿ ಗೋಡೆಯ ಬುಡವನ್ನು ಹಿಡಿದಿರುವ ಒಂದು ಅಲ್ಯೂಮಿನಿಯಂ ಪಟ್ಟಿ, ಅದರ ಕೆಳಗೆ ಪ್ಲೈವುಡ್ ನೆಲದ ಅಂಚು. ಅಜ್ಜ ಚೂಪು ದಬ್ಬಳವೊಂದನ್ನು ನನ್ನ ಕೈಗೆ ಕೊಟ್ಟು ಅಂಚಿಗೆ ಒತ್ತು ಎಂದರು. ಕೋಣೆಯ ನಡುವಿನ ಹಲಗೆಗೆ ಅದು ನಾಟಲೇ ಇಲ್ಲ. ಅಂಚಿನಲ್ಲಿ ಹಿಡಿಯವರೆಗೂ ಮುಳುಗಿತು, ಗೆದ್ದಲು ತಿಂದ ಸೌದೆಯಂತೆ. ಸ್ವಲ್ಪ ದೂರದಲ್ಲಿ ತಾಮ್ರದ ಬಣ್ಣದ ಪುಡಿ ಉದುರಿತು. ಅದು ಒಂದು ಕಾಲಕ್ಕೆ ಉಕ್ಕಿನ ಬೋಲ್ಟ್ ಆಗಿತ್ತು. ಮರದಲ್ಲಿ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ಬದುಕಿಲ್ಲ. 28, 30 ದಾಟಿತೆಂದರೆ ಅದಕ್ಕೆ ಹಬ್ಬ. ಮಾಡಿನ ಕಾಯಿಲೆ ನೆಲದಲ್ಲಿ ಕಾಣಿಸಿಕೊಳ್ಳುವುದು ಹೀಗೆ. ನೆಲ ಮೆತ್ತಗಾಯಿತೆಂದು ನೆಲವನ್ನಷ್ಟೇ ಹೊಸದಾಗಿ ಹಾಕಿಸಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಿತ್ತವರ ಕಥೆಗಳು ಈ ಕಸುಬಿನವರ ನಡುವೆ ಬೇಕಾದಷ್ಟಿವೆ.

ಇನ್ನು ಮಳೆಯ ನೀರು. ಅದರ ವಿಚಾರದಲ್ಲಿ ನಮ್ಮ ಹೆಂಚಿನ ಮಾಡಿಗೂ ಈ ಗಾಡಿಗೂ ಒಂದೇ ಧರ್ಮ: ಮೇಲಿನದು ಕೆಳಗಿನದರ ಮೇಲೆ ಹೊದೆದಿರಬೇಕು. ತಗಡಿನ ಹಾಳೆಗಳೂ ಹಾಗೇ ಒಂದರ ಮೇಲೊಂದು ಕೂತಿರುತ್ತವೆ. ಆದರೆ ಹೆಂಚಿನ ಮಾಡು ಎಲ್ಲಿಗೂ ಹೋಗುವುದಿಲ್ಲ, ಗಾಡಿ ಓಡುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಬಡಿಯುವ ಗಾಳಿಯ ಒತ್ತಡ, ನೀರನ್ನು ನಾಲ್ಕೂವರೆ ಸೆಂಟಿಮೀಟರ್ ಮೇಲಕ್ಕೆ ನೂಕಲು ಸಾಕು. ನಿಂತ ಗಾಡಿಯಲ್ಲಿ ಒಂದು ಹನಿಯೂ ಬರದ ಸಂದಿ, ಮಳೆಯಲ್ಲಿ ಓಡುವಾಗ ಏರುಮುಖವಾಗಿ ನೀರು ಕುಡಿಯುತ್ತದೆ. ಜೊತೆಗೆ ತಗಡು ಹಿಗ್ಗಿ ಕುಗ್ಗುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಗೂ, ಬಿಸಿಲಿಗೆ ಕಾದು 60 ಡಿಗ್ರಿ ಮುಟ್ಟುವ ಬೇಸಿಗೆಗೂ ನಡುವೆ 5 ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 9 ಮಿಲಿಮೀಟರ್ ಬೆಳೆಯುತ್ತದೆ. ಸಂದಿಗೆ ಹಚ್ಚುವ ಅಂಟು ಆ ಎಳೆತಕ್ಕೆ ಒಗ್ಗುವಂತಿರಬೇಕು. ಹಾಗಾಗಿ ಮುಚ್ಚಳಗಳ ಅಡಿಗೆ ಬ್ಯೂಟೈಲ್ ಟೇಪ್, ಸಂದಿಗಳಿಗೆ ಪಾಲಿಯುರೆಥೇನ್ ಸೀಲಂಟ್. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಸಿಲಿಕೋನ್ ಎಂದರೆ ಅಜ್ಜನಿಗೆ ಆಗದು. ಅದು ಒಮ್ಮೆ ಕೂತರೆ ಅದರ ಮೇಲೆ ಇನ್ನೇನೂ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಹಿಂದಿನ ಮಾಲೀಕರೊಬ್ಬರು ಮಾಡಿನ ಹಳೆಯ ಗಾಳಿಗಂಡಿಯ ಸುತ್ತ ಗೋಂದಿನಂತೆ ಬಳಿದಿದ್ದ ಸಿಲಿಕೋನನ್ನು ಪ್ಲಾಸ್ಟಿಕ್ ಬಿಲ್ಲೆಯಿಂದ ಕೆರೆದು ತೆಗೆಯಲು ನನಗೆ ಮೂರು ಭಾನುವಾರ ಹಿಡಿಯಿತು.

ಸೋರುವ ಜಾಗ ಹುಡುಕಲು ಅವರು ಮಾಡಿದ ಉಪಾಯ ನನಗೆ ಈ ಇಡೀ ಕೆಲಸದಲ್ಲೇ ಅತಿ ಚೆಂದವಾಗಿ ಕಂಡದ್ದು. ನೀರು ಸುರಿದು ನೋಡಿದರೆ ಅದು ಒಂದು ಕಡೆ ಹೊಕ್ಕು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಹೆಂಚಿನ ಮನೆಯಲ್ಲಿ ರೀಪಿನ ಗುಂಟ ಹರಿದು ಬಂದ ನೀರು ದೇವರ ಕೋಣೆಯಲ್ಲಿ ಬೀಳುವ ಹಾಗೆ. ಅದಕ್ಕೆ ಅಜ್ಜ ಗಾಳಿ ತುಂಬಿಸಿದರು. ಕಿಟಕಿಗಳನ್ನೆಲ್ಲ ಹಾಕಿ, ಒಂದು ಕಿಟಕಿಯ ಜಾಗಕ್ಕೆ ಹಲಗೆ ಕೂರಿಸಿ, ಅದರ ತೂತಿನಿಂದ ತರಗೆಲೆ ಊದುವ ಯಂತ್ರವನ್ನು ಒಳಕ್ಕೆ ಹಾಯಿಸಿದರು. ನಾನು ಏಣಿ ಹತ್ತಿ ಸಾಬೂನು ನೀರನ್ನು ಚಿಮುಕಿಸುತ್ತ ಹೋದೆ. ಸಂಜೆಯ ಓರೆ ಬಿಸಿಲು. ಐವತ್ತು ಅರವತ್ತು ರಿವೆಟ್ ತೆಪ್ಪಗಿದ್ದವು. ಆಮೇಲೆ ಒಂದು ರಿವೆಟ್ಟಿನ ತಲೆಯ ಪಕ್ಕ ಸಾಸಿವೆಯಷ್ಟು ಗುಳ್ಳೆ, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು, ಮತ್ತೊಂದು. ನೋಡುತ್ತಿದ್ದಂತೆ ಆ ರಿವೆಟ್ಟಿನ ಸುತ್ತ ಏಲಕ್ಕಿ ಗಾತ್ರದ ನೊರೆಯ ಹೂವು ಅರಳಿತು. ಬಣ್ಣದ ಪೆನ್ನಿನಿಂದ ಸುತ್ತು ಹಾಕಿದೆ. ಕತ್ತಲಾಗುವ ಹೊತ್ತಿಗೆ ಮಾಡಿನ ಮೇಲೆ 41 ಸುತ್ತುಗಳಿದ್ದವು. ಹೆಚ್ಚಿನವು ಹಳೆಯ ಗಾಳಿಗಂಡಿಗಳ ನಾಲ್ಕು ಮೂಲೆಗಳಲ್ಲೇ.

ಆ ಸಂಜೆ ಚಹಾ ಕುಡಿಯುತ್ತ ಅವರು ಇದಕ್ಕೆ ತದ್ವಿರುದ್ಧವಾದ ಒಂದು ಗಾಡಿಯ ಕಥೆ ಹೇಳಿದರು. 1969ರ ಜುಲೈನಲ್ಲಿ ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಹಾರ್ನೆಟ್ ಹಡಗಿನ ಮೇಲೆ ಕೂಡಿಹಾಕಿದ್ದು ಇಂಥದೇ ಒಂದು ಏರ್‌ಸ್ಟ್ರೀಮ್ ಗಾಡಿಯಲ್ಲಿ. ಕಿಟಕಿಯ ಗಾಜಿನಾಚೆ ನಿಂತ ಅಧ್ಯಕ್ಷ ನಿಕ್ಸನ್ ಜೊತೆ ಮೂವರೂ ಮಾತಾಡುತ್ತಿರುವ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಚಂದ್ರನ ಯಾವುದಾದರೂ ರೋಗಾಣು ಹೊರಬಂದೀತೆಂಬ ಭಯಕ್ಕೆ ಅದರೊಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಕಡಿಮೆ ಇಟ್ಟಿದ್ದರು. ತೂತಿದ್ದರೂ ಗಾಳಿ ಒಳಗೆ ಬರಬೇಕೇ ಹೊರತು ಹೊರಗೆ ಹೋಗಬಾರದು. ಹೊರಗೆ ಬಿಡುವ ಗಾಳಿ ಸೋಸಿಕೊಂಡೇ ಹೋಗಬೇಕು. "ಗಾಳಿಗೆ ಸ್ವಂತ ಇಷ್ಟ ಅಂತ ಇಲ್ಲ, ನಾವು ತಳ್ಳಿದ ಕಡೆ ಹೋಗುತ್ತೆ. ತಳ್ಳುವವರು ಯಾರು ಅನ್ನೋದನ್ನ ನಾವು ತೀರ್ಮಾನ ಮಾಡಿದರೆ ಸಾಕು," ಎಂದರು.

ಗೋಡೆಯ ಸಂದಿಗೆ ಈಗ ಏನು ತುಂಬಬೇಕು ಎಂಬ ಪ್ರಶ್ನೆಗೆ ಚಳಿಗಾಲದ ಅರ್ಧ ಹೋಯಿತು. ಈ ಕಸುಬಿನವರಲ್ಲಿ ಇದರ ಬಗ್ಗೆ ಮತಭೇದ ಬಹಳ. ಕೆಲವರು ನೊರೆಯಾಗಿ ಚಿಮ್ಮಿ ಗಟ್ಟಿಯಾಗುವ ಫೋಮ್ ಹೊಡೆಸುತ್ತಾರೆ. ಅದು ತಗಡಿಗೆ ಪೂರ್ತಿ ಅಂಟಿಕೊಳ್ಳುವುದರಿಂದ ಆವಿ ತಣ್ಣನೆ ತಗಡನ್ನು ಮುಟ್ಟಲು ಜಾಗವೇ ಇರುವುದಿಲ್ಲ. ಬೆವರಿನ ದೃಷ್ಟಿಯಿಂದ ಅದಕ್ಕೆ ಸಮನಾದದ್ದು ಇಲ್ಲ. ಆದರೆ ಹತ್ತು ವರ್ಷ ಬಿಟ್ಟು ಒಂದು ರಿವೆಟ್ ಸೋರತೊಡಗಿದರೆ? ನೀರು ಎಲ್ಲಿ ಹೊಕ್ಕಿದೆ ಎಂದು ತಿಳಿಯದು, ತಿಳಿದರೂ ಹೊರಬರಲು ದಾರಿಯಿಲ್ಲ, ರಿಪೇರಿಗೆ ತಗಡು ಬಿಡಿಸಲೂ ಆಗದು. ಗಟ್ಟಿ ಫೋಮ್ ಹಲಗೆಗಳನ್ನು ಕತ್ತರಿಸಿ ಕೂರಿಸುವವರು ಇನ್ನು ಕೆಲವರು. ಮನೆಗಳ ಮಾಡಿನಲ್ಲಿ ಮಾಡುವಂತೆ, ಆ ಸಂದಿಯಲ್ಲಿಯೇ ಗಾಳಿ ಓಡಾಡಿಸಿದರಾಯಿತು ಎನ್ನುವವರೂ ಇದ್ದಾರೆ. ಅಟ್ಟವಿರುವ ಮನೆಗೆ ಅದು ಸರಿ. ಒಂದೂವರೆ ಅಂಗುಲದ ಸಂದಿಯಲ್ಲಿ, ನಡುನಡುವೆ ಪಕ್ಕೆಗಳ ತಡೆಯಿರುವಲ್ಲಿ, ಗಾಳಿ ಓಡುವುದೆಂಬುದು ಕಾಗದದ ಮೇಲಿನ ಬಾಣದ ಗುರುತಷ್ಟೆ.

ಅಜ್ಜ ಹಿಡಿದ ದಾರಿ ನನಗೆ ಸರಿ ಎನಿಸುತ್ತದೆ. ಅದರಲ್ಲಿ ಎರಡು ಮಾತುಗಳಿವೆ: ಒಳಗಿನ ಗಾಳಿ ಗೋಡೆಯೊಳಕ್ಕೆ ಹೋಗಬಾರದು, ಹೇಗೋ ನೀರು ಹೋಗಿಯೇಬಿಟ್ಟರೆ ಅದು ಅಲ್ಲಿ ನಿಲ್ಲಬಾರದು. ಹೊರತಗಡಿನ ಒಳಮೈಗೆ 6 ಮಿಲಿಮೀಟರ್ ದಪ್ಪದ ಫೋಮ್ ಗುಂಡಿಗಳನ್ನು ಅಲ್ಲಲ್ಲಿ ಅಂಟಿಸಿದರು, ಅಂಗಿಗೆ ಗುಂಡಿ ಹಚ್ಚಿದ ಹಾಗೆ. ಅವುಗಳ ಮೇಲೆ ಒಂದು ಅಂಗುಲದ ಫೋಮ್ ಹಲಗೆ. ಹಲಗೆ ಬಾಗುವುದಿಲ್ಲವಾದ್ದರಿಂದ ಎರಡೆರಡು ಬೆರಳಿಗೊಂದರಂತೆ ಅರ್ಧ ಆಳಕ್ಕೆ ಗೀರು ಹಾಕಿ ಮಾಡಿನ ಬಾಗಿಗೆ ಒಲಿಸಿಕೊಂಡರು. ಗುಂಡಿಗಳಿಂದಾಗಿ ತಗಡಿಗೂ ಹಲಗೆಗೂ ನಡುವೆ ತೆಳ್ಳನೆ ಸಂದಿ ಉಳಿಯಿತು. ಮಾಡಿನಲ್ಲಿ ಎಲ್ಲೇ ನೀರು ಹೊಕ್ಕರೂ ಆ ಸಂದಿಯಲ್ಲಿ ತಗಡಿನ ಗುಂಟ ಜಾರಿ ಗೋಡೆಯ ಬುಡಕ್ಕೆ ಬರುತ್ತದೆ. ಅಲ್ಲಿ ಹಳೆಯ ಪಟ್ಟಿಯ ಹೊರಗೆ ಒಂದು ತೆಳು ತಗಡಿನ ನಾಲಿಗೆ ಚಾಚಿಸಿದ್ದಾರೆ; ನೀರು ಪ್ಲೈವುಡ್ ಮುಟ್ಟದೆ ಗಾಡಿಯ ಅಡಿಗೆ ಬಿದ್ದುಹೋಗುತ್ತದೆ. ಹೊಸ ಪ್ಲೈವುಡ್ಡಿನ ಅಂಚುಗಳಿಗೆ ಎಪಾಕ್ಸಿ ಕುಡಿಸಿದರು. ಅದಕ್ಕೂ ಮೊದಲು ತೇವ ಅಳೆಯುವ ಮೀಟರಿನ ಎರಡು ಮುಳ್ಳುಗಳನ್ನು ಹಲಗೆಯ ಹತ್ತಾರು ಕಡೆ ಚುಚ್ಚಿ, ಎಲ್ಲ ಕಡೆಯೂ 15ರ ಕೆಳಗೆ ಬರುವವರೆಗೆ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಒದ್ದೆ ಮರಕ್ಕೆ ಎಪಾಕ್ಸಿ ಬಳಿದರೆ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ. ಕೊಳೆಯದಿರಲಿ ಎಂದು ತಾಮ್ರದ ಲವಣ ಊಡಿಸಿದ ಪ್ಲೈವುಡ್ಡನ್ನು ಅವರು ಗಾಡಿಯ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ತೇವ ತಗುಲಿದಾಗ ತಾಮ್ರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಗಾಡಿಯ ಮುಂದಿನ ಹಿಂದಿನ ತುದಿಗಳು ಮಡಕೆಯ ಬಾಗಿನಂತೆ ಎರಡೂ ದಿಕ್ಕಿಗೆ ದುಂಡು. ಹಲಗೆ ಅಲ್ಲಿ ಯಾವ ಗೀರಿಗೂ ಜಗ್ಗದು. ಅಲ್ಲಿಗೆ ಕುರಿಯ ಉಣ್ಣೆ ತರಿಸಿದರು. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ಆವಿಯನ್ನು ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ, ಹವೆ ಒಣಗಿದಾಗ ಹೀರಿದ್ದನ್ನು ಬಿಟ್ಟುಕೊಡುತ್ತದೆ. ಮಲೆನಾಡಿನ ಕಂಬಳಿ ಕೊಪ್ಪೆಯ ಬಗ್ಗೆ ನಾನು ಹೇಳಿದೆ: ಸೋನೆ ಮಳೆಯಲ್ಲಿ ಗದ್ದೆ ಕೆಲಸದವರು ದಿನವಿಡೀ ಹೊದ್ದುಕೊಂಡಿದ್ದರೂ ಮೈ ಬೆಚ್ಚಗೇ ಇರುತ್ತಿತ್ತು. ಅಜ್ಜ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು.

ಪಕ್ಕೆಗಳ ಮುಖಕ್ಕೆ ತೆಳು ಕಾರ್ಕ್ ಪಟ್ಟಿ ಅಂಟಿಸಿ, ಅದರ ಮೇಲೆ ಒಳತಗಡು ಕೂರಿಸಿದರು. ಒಳತಗಡಿನ ಪ್ರತಿ ಕೂಡಿಕೆಗೆ ಹಿಂದಿನಿಂದ ಅಲ್ಯೂಮಿನಿಯಂ ಟೇಪ್, ವಯರು ಬರುವ ರಂಧ್ರಗಳಿಗೆ ರಬ್ಬರ್ ಬಳೆ, ದೀಪಗಳ ಹಿಂದೆ ಮುಚ್ಚಿದ ಡಬ್ಬಿ. ಪುಸ್ತಕದಲ್ಲಿ ಗುರುತು ಹಾಕಿದ್ದ ಕಪ್ಪು ಗೆರೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದರು.

ಇಷ್ಟಾದ ಮೇಲೆ ಗಾಡಿ ಒಂದು ಮುಚ್ಚಿದ ಡಬ್ಬಿ. ಉಸಿರು ಗೋಡೆಗೆ ಹೋಗುವುದು ನಿಂತಿತು ಎಂದರೆ ಉಸಿರು ಕೋಣೆಯಲ್ಲೇ ಉಳಿಯಿತು ಎಂದಾಯಿತು. ಅದಕ್ಕೊಂದು ಬಾಗಿಲು ಬೇಕು, ಅದು ಮಾಡಿನಲ್ಲೇ ಇರಬೇಕು, ಏಕೆಂದರೆ ಬೆಚ್ಚನೆ ಒದ್ದೆ ಗಾಳಿ ಸೇರುವುದು ಅಲ್ಲಿ. ಇಲ್ಲಿ ಗಾಡಿಗಳ ಗಾಳಿಗಂಡಿಗೆ 14 ಅಂಗುಲ ಚೌಕದ ಅಳತೆ ಬಹಳ ಕಾಲದಿಂದ ರೂಢಿಯಲ್ಲಿದೆ. ಹಳೆಯ ಗಂಡಿಗೆ ಹೊಸ 12 ವೋಲ್ಟ್ ಫ್ಯಾನ್ ಹೊಂದುತ್ತದೆ. ತೊಡಕು ಇರುವುದು ಬಾಗಿದ ಮಾಡಿನ ಮೇಲೆ ಸಪಾಟಾದ ಚೌಕಟ್ಟು ಕೂರಿಸುವಲ್ಲಿ. ನಡುವೆ ತಾಗಿದರೆ ಅಂಚಿನಲ್ಲಿ ಕಿರುಬೆರಳು ದಪ್ಪದ ಸಂದಿ ಬಾಯಿ ಬಿಡುತ್ತದೆ. ಸೀಲಂಟ್ ಸುರಿದು ಆ ಸಂದಿ ತುಂಬಿಸಿದವರ ಗಾಡಿಗಳೇ ಮೂಲೆಗಳಲ್ಲಿ ಸೋರುವುದು. ಅಜ್ಜ ಕಾಗದದ ರಟ್ಟನ್ನು ಮಾಡಿಗೆ ಒತ್ತಿ ಬಾಗಿನ ಗೆರೆ ತೆಗೆದುಕೊಂಡರು. ಆ ಗೆರೆಗೆ ತಗಡು ಕತ್ತರಿಸಿ, ಅರದಿಂದ ಉಜ್ಜಿ, ಮೇಲಿಟ್ಟು ನೋಡಿ, ಮತ್ತೆ ಉಜ್ಜಿ, ಕೆಳಗೆ ಬಾಗೂ ಮೇಲೆ ಸಪಾಟೂ ಇರುವ ಒಂದು ಉಂಗುರ ಮಾಡಿದರು. ಕಾಗದ ತೂರಿಸಿ ನೋಡಿದರೆ ಎಲ್ಲಿಯೂ ತೂರಲಿಲ್ಲ. ಅದರ ಅಡಿಗೆ ಬ್ಯೂಟೈಲ್ ಟೇಪ್ ಹಾಸಿ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಅದಲು ಬದಲಾಗಿ ಬಿಗಿದರು. ಬೂದು ಬಣ್ಣದ ಟೇಪ್ ಸುತ್ತಲೂ ಹೋಳಿಗೆಯ ಅಂಚಿನಿಂದ ಹೂರಣ ಇಣುಕಿದಂತೆ ಹೊರಬಂತು. ನಾನು ಕೆರೆಯಲು ಚಾಕು ತೆಗೆದೆ, ಕೈ ತಡೆದರು. ಬ್ಯೂಟೈಲ್ ನಿಧಾನಕ್ಕೆ ಹರಿಯುವ ವಸ್ತು. ಮರುದಿನ ಬಿಸಿಲು ಏರಿದ ಮೇಲೆ ಇನ್ನೊಮ್ಮೆ, ಅದರ ಮರುದಿನ ಮತ್ತೊಮ್ಮೆ ಬಿಗಿದು, ಆಮೇಲೆ ಅಂಚು ಕತ್ತರಿಸಿದರು.

ಫ್ಯಾನ್ ಮೇಲೆ ಮಳೆಗೊಡೆಯಂಥ ಮುಚ್ಚಳ ಬಂತು, ಹಾಗಾಗಿ ಮಳೆಯಲ್ಲೂ ತೆರೆದಿಡಬಹುದು. ಪೂರ್ತಿ ವೇಗಕ್ಕೆ ಅದು ಒಂದೆರಡು ನಿಮಿಷದಲ್ಲಿ ಗಾಡಿಯ ಗಾಳಿಯನ್ನೆಲ್ಲ ಬದಲಿಸುತ್ತದೆ. ರಾತ್ರಿಗೆ ಅತಿ ಕಡಿಮೆ ವೇಗ ಸಾಕು. ಆದರೆ ಹೊರಗೆ ಎಳೆಯುವ ಫ್ಯಾನಿಗೆ ಒಳಗೆ ಬರುವ ದಾರಿ ನಾವೇ ಕೊಡಬೇಕು. ಫ್ಯಾನ್ ಇರುವ ತುದಿಗೆ ಎದುರು ತುದಿಯಲ್ಲಿ, ಹಾಸಿಗೆಯ ಪಕ್ಕದ ಕಿಟಕಿಯನ್ನು ಎರಡು ಬೆರಳು ತೆರೆದರೆ ಹೊಸ ಗಾಳಿ ಮಲಗಿದವರನ್ನು ದಾಟಿ, ಒಲೆಯ ಮೇಲಿನಿಂದ ಹಾದು, ಮಾಡಿಗೆ ಹೋಗುತ್ತದೆ. ಎಲ್ಲ ಕಿಟಕಿ ತೆರೆದರೆ ಫ್ಯಾನ್ ತನ್ನ ಪಕ್ಕದ ಕಿಟಕಿಯ ಗಾಳಿಯನ್ನೇ ಕುಡಿದು ಸುಮ್ಮನಾಗುತ್ತದೆ. ಎಲ್ಲವನ್ನೂ ಮುಚ್ಚಿದರೆ ಅದು ಅಪಾಯ: ಅನಿಲದಿಂದ ಓಡುವ ಹೀಟರಿನ, ಫ್ರಿಜ್ಜಿನ ಹೊಗೆಕೊಳವೆಯಿಂದ ಸುಟ್ಟ ಗಾಳಿ ಹಿಮ್ಮುಖವಾಗಿ ಒಳಗೆ ಬರಬಹುದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದನ್ನು ಪತ್ತೆ ಹಚ್ಚುವ ಗಂಟೆಯನ್ನು ಅಜ್ಜ ಫ್ಯಾನಿಗಿಂತ ಮೊದಲೇ ಗೋಡೆಗೆ ಹಾಕಿದ್ದರು.

ಚಳಿಯ ರಾತ್ರಿ, ಅದೂ ಮಳೆ ಬರುವಾಗ, ಕಿಟಕಿ ತೆರೆದು ಮಲಗಿ ಎಂದರೆ ಯಾರೂ ಒಪ್ಪುವುದಿಲ್ಲ. ಹೊರಗೆಲ್ಲ ಒದ್ದೆ, ಒಳಗೆ ಬಂದರೆ ಇನ್ನಷ್ಟು ಒದ್ದೆ ಎಂದೇ ಮನಸ್ಸು ಹೇಳುತ್ತದೆ. ಪ್ಲೈವುಡ್ಡಿನ ಮೇಲಿನ ಲೆಕ್ಕ ಬೇರೆ ಹೇಳುತ್ತದೆ. ಸೊನ್ನೆ ಡಿಗ್ರಿಯಲ್ಲಿ ತೊಯ್ದು ತೊಪ್ಪೆಯಾದ ಗಾಳಿಯಲ್ಲೂ ಇರುವುದು ಐದು ಗ್ರಾಮಿಗಿಂತ ಕಡಿಮೆ ನೀರು. ಅದು ಒಳಗೆ ಬಂದು 20 ಡಿಗ್ರಿಗೆ ಕಾದರೆ ಅದರ ತೇವಾಂಶ ಶೇಕಡಾ 28ರ ಆಸುಪಾಸಿಗೆ ಇಳಿಯುತ್ತದೆ, ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಂತೆ. ಹೊರಗಿನ ಮಳೆಗಾಳಿಯೇ ಒಳಗಿನ ಮಾಡನ್ನು ಒಣಗಿಸುತ್ತದೆ.

ಇದು ಎಲ್ಲ ಊರಿಗೂ ಹೊಂದುವ ಸೂತ್ರವಲ್ಲ. ಬೇಸಿಗೆಯಲ್ಲಿ ನಮ್ಮ ಅಮ್ಮ ಊರಿನಿಂದ ಬಂದಿದ್ದರು. ಅರ್ಧ ಕಟ್ಟಿದ ಗಾಡಿಯೊಳಗೆ ಹತ್ತಿ, ಮೇಲೆ ನೋಡಿ ಅವರು ಕೇಳಿದ ಮೊದಲ ಮಾತು, "ಇದ್ರಾಗೆ ಹೊಗೆ ಎಲ್ಲಿ ಹೋಗುತ್ತೆ ಮಾರಾಯ?" ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಜ್ಜ ಕೆಲಸ ಬಿಟ್ಟು ಕೂತರು, ನಿಮ್ಮ ಮನೆಯಲ್ಲಿ ಎಲ್ಲಿ ಹೋಗುತ್ತದೆ ಎಂದು ಕೇಳಿದರು. ಅಮ್ಮ ಹೇಳುತ್ತ ಹೋದರು, ನಾನು ನಡುವೆ ನಿಂತು ದಾಟಿಸಿದೆ. ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಬ್ಬಿದ ಆ ಕೆಂಪು ಹೆಂಚಿನ ಮಾಡಿಗೆ ನಮ್ಮ ಅಡುಗೆಮನೆಯಲ್ಲಿ ಒಳಮುಚ್ಚಿಗೆಯೇ ಇರಲಿಲ್ಲ. ಹೊಗೆಯೂ ಹಬೆಯೂ ಹೆಂಚಿನ ಸಂದಿಯಿಂದ ತಾವಾಗಿ ಹೊರಟುಹೋಗುತ್ತಿದ್ದವು. ಆದರೆ ಆಷಾಢದಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡು ಬೆಚ್ಚಗಿರುತ್ತದೆ. ಎಷ್ಟು ಕಿಟಕಿ ತೆರೆದರೂ ಏನೂ ಒಣಗದು. ಅದಕ್ಕೇ ಒಲೆಯ ಮೇಲೊಂದು ಅಟ್ಟ, ಅದರ ಮೇಲೆ ಬಿತ್ತನೆಯ ಬೀಜ, ಮೆಣಸು, ಒದ್ದೆ ಕಂಬಳಿ. ಅಮೆರಿಕದಲ್ಲೂ ಫ್ಲಾರಿಡಾ, ಲೂಸಿಯಾನದ ಬೇಸಿಗೆ ಹಾಗೆಯೇ. ಅಲ್ಲಿ ಏಸಿ ಹಾಕಿದ ಗಾಡಿಗೆ ಬೆವರು ಹೊರಗಿನಿಂದ ಒಳಕ್ಕೆ ಬರುತ್ತದೆ, ಕಿಟಕಿ ಮುಚ್ಚಿ ಗಾಳಿಯ ತೇವ ಹೀರುವ ಯಂತ್ರವನ್ನೇ ಓಡಿಸಬೇಕು. ಅಂದು ಸಂಜೆ ಅಜ್ಜ ತಮ್ಮ ಪುಸ್ತಕದಲ್ಲಿ ಒಲೆಯ ಮೇಲಿನ ಅಟ್ಟದ ಚಿತ್ರ ಬರೆದು, ಅಳತೆ ಸರಿಯಿದೆಯೇ ಎಂದು ಅಮ್ಮನಿಗೆ ತೋರಿಸಿದರು. ಅಮ್ಮ ಪೆನ್ಸಿಲ್ ತೆಗೆದುಕೊಂಡು ಅಟ್ಟವನ್ನು ಒಂದು ಮೊಳ ಮೇಲಕ್ಕೆ ಸರಿಸಿದರು.

ಕೆಲಸ ಮುಗಿದದ್ದು ಮರುವರ್ಷದ ಏಪ್ರಿಲಿನಲ್ಲಿ. ನವೆಂಬರ್ ಬಂದಾಗ ಮೊದಲ ಹಿಮದ ರಾತ್ರಿ ಅಜ್ಜ ಅಜ್ಜಿ ಇಬ್ಬರೂ ಅದರಲ್ಲಿ ಮಲಗಿದರು. ಬೆಳಿಗ್ಗೆ ಬಾಗಿಲು ತಟ್ಟುವ ಮೊದಲೇ ನಾನು ಮಹಡಿಯ ಕಿಟಕಿಯಲ್ಲಿದ್ದೆ. ಮಾಡು ಉದ್ದಕ್ಕೂ ಬೆಳ್ಳಗಿತ್ತು. ಕಾರ್ಕ್ ಪಟ್ಟಿಯನ್ನು ತೂರಿಹೋಗುವ ರಿವೆಟ್ಟುಗಳಿಂದ ಸ್ವಲ್ಪ ಶಾಖ ಸೋರಿಯೇ ಸೋರುತ್ತದೆ, ಹಾಗಾಗಿ ಎರಡು ಕಡೆ ಚುಕ್ಕಿ ಇಟ್ಟ ಮಸುಕು ಗೆರೆಗಳಿದ್ದವು. ಉಳಿದಂತೆ ಎಲ್ಲೂ ಎಲುಬು ಕಾಣಲಿಲ್ಲ. ಹಿಂಬದಿಯ ಫ್ಯಾನಿನ ಮುಚ್ಚಳದ ಸುತ್ತ ಮಾತ್ರ ಒಂದು ಗೇಣು ಅಗಲಕ್ಕೆ ಹಿಮ ಕರಗಿ ತಗಡು ಒದ್ದೆಯಾಗಿ ಹೊಳೆಯುತ್ತಿತ್ತು. ಮುಚ್ಚಳದ ಅಡಿಯಿಂದ ಅವರಿಬ್ಬರ ಉಸಿರು ತೆಳ್ಳಗೆ ಬಿಳಿಯಾಗಿ ಏರಿ, ಅಲ್ಲೇ ಮೇಲೆ ಕರಗುತ್ತಿತ್ತು.